ಮೂರು ಬೀಗದ ಕೊಬ್ಬರಿ ಮನೆ

ನಮ್ಮ ನಡುಮನೆಯ ದಿವಾನದ ಕೆಳಗೆ ಒಂದು ವೀರಗಲ್ಲು ಮಲಗಿತ್ತು. ಹೇಳಿದರೆ ಯಾರೂ ನಂಬುವುದಿಲ್ಲ. ಬೇಕಾದರೆ ನಮ್ಮ ಯಜಮಾನರ ಬಲಗಾಲಿನ ಹೆಬ್ಬೆರಳನ್ನು ನೋಡಿ. ರಸ್ತೆ ಅಗಲ ಮಾಡುವಾಗ ಮಣ್ಣಿನಿಂದ ಎದ್ದು ಬಂದ ಅರ್ಧ ಮುರುಕು ಕಲ್ಲು ಅದು. ತಿಳಿಸಬೇಕಾದವರಿಗೆಲ್ಲ ತಿಳಿಸಿದೆವು. ಸದ್ಯಕ್ಕೆ ನೀವೇ ಜೋಪಾನ ಮಾಡಿಕೊಳ್ಳಿ ಎಂದರು. ಸದ್ಯಕ್ಕೆ ಎಂದರೆ ಎಲ್ಲಿಯವರೆಗೆ ಎಂದು ಕೇಳುವ ಬುದ್ಧಿ ನಮಗೆ ಬರಲಿಲ್ಲ. ಆ ವೀರ ಯಾವ ಊರಿನ ದನ ಬಿಡಿಸಲು ಹೋಗಿ ಪ್ರಾಣ ಬಿಟ್ಟನೋ ಪಾಪ, ಕೊನೆಗೆ ಕಡೂರಿನಲ್ಲಿ ಹಳೇ ಪೇಪರ್ ಕಟ್ಟುಗಳ ಪಕ್ಕ ಬಂದು ಬಿದ್ದುಕೊಂಡ.

ವೀರಗಲ್ಲೊಂದೇ ಆಗಿದ್ದರೆ ಹೇಗೋ ಸಂಸಾರ ನಡೆಯುತ್ತಿತ್ತು. ಅಡುಗೆಮನೆ ಅಟ್ಟದ ಮೇಲೆ ಪುಸ್ತಕ, ಮಂಚದ ಕೆಳಗೆ ಪುಸ್ತಕ, ಬಚ್ಚಲು ಮನೆಗೆ ಹೋಗುವ ದಾರಿಯಲ್ಲಿ ರಾಗಿ ಅಳೆಯುವ ಹಳೇ ಕೊಳಗಗಳು. ದೇವರ ಮನೆಯಲ್ಲಿ ದೇವರಿಗಿಂತ ತಾಳೆಗರಿ ಕಟ್ಟುಗಳೇ ಜಾಸ್ತಿ. ನಮ್ಮ ಯಜಮಾನರು ಸಂಜೆ ದೀಪ ಹಚ್ಚಲು ಹೋಗಿ, 'ಇವುಗಳಲ್ಲಿ ಯಾವುದಕ್ಕೆ ಕೈ ಮುಗೀಲಿ ಹೇಳು' ಎಂದು ದಿನಾ ಕೇಳುತ್ತಿದ್ದರು. ದಿನಾ ಕೇಳಿದರೆ ಯಾರಿಗೆ ತಾನೇ ನಗು ಬರುತ್ತದೆ?

ಇದೆಲ್ಲ ನನ್ನ ಮೈಮೇಲೆ ಬಂದದ್ದು ಹೀಗೆ. ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಕೂತೇ ನಿವೃತ್ತಳಾದವಳು. ಊರಿನ ಅರ್ಧ ಜನಕ್ಕೆ ನಾನು ಪೋಸ್ಟಮ್ಮ. ನಿವೃತ್ತಿಯ ಹಾರ ಇನ್ನೂ ಬಾಡಿರಲಿಲ್ಲ, ಪರಂಪರೆ ಸಂಘದವರು ಮನೆಗೆ ಬಂದು ಕಾರ್ಯದರ್ಶಿ ಮಾಡಿಬಿಟ್ಟರು. ಕಡೂರು, ತರೀಕೆರೆ, ಅಜ್ಜಂಪುರ, ಮೂರು ಊರಿನವರು ಸೇರಿ ಕಟ್ಟಿಕೊಂಡ ಸಂಘ. ಹಳೇ ಪುಸ್ತಕ, ಹಳೇ ಸಾಮಾನು, ಯಾರ ಮನೆಯಲ್ಲಿ ಗುಜರಿಗೆ ಹೋಗುವುದಿದ್ದರೂ ನಾವು ಹೋಗಿ ಕೈ ಒಡ್ಡಿ ತರುತ್ತಿದ್ದೆವು. ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಒಂದು ಕೋಣೆ ಇತ್ತು. ಅಂಗಡಿಯವರು ಒಳ್ಳೆಯವರು, ವರ್ಷಗಟ್ಟಲೆ ಇಟ್ಟುಕೊಂಡರು. ಆಮೇಲೆ ಅವರ ಸೊಸೆ ಬ್ಯೂಟಿ ಪಾರ್ಲರ್ ತೆಗೆಯುತ್ತೇನೆ ಎಂದಳು. ನ್ಯಾಯವಾಗಿ ಹೇಳಬೇಕೆಂದರೆ ಊರಿಗೆ ತಾಳೆಗರಿಗಿಂತ ಬ್ಯೂಟಿ ಪಾರ್ಲರೇ ಹೆಚ್ಚು ಉಪಯೋಗ. ನಾವು ಗಂಟುಮೂಟೆ ಕಟ್ಟಿದೆವು.

ಸಾಮಾನು ಮೂರು ಕಡೆ ಹೋಯಿತು. ಸ್ವಲ್ಪ ನನ್ನ ಮನೆಗೆ. ಸ್ವಲ್ಪ ತರೀಕೆರೆಯ ಡ್ರಾಯಿಂಗ್ ಮೇಷ್ಟ್ರ ಮನೆಗೆ; ಅವರು ನಮ್ಮ ಅಧ್ಯಕ್ಷರು, ಮಾತು ಮೆತ್ತಗೆ, ಹಟ ಗಟ್ಟಿ. ಮಿಕ್ಕದ್ದು ಅಜ್ಜಂಪುರದ ಗೊಬ್ಬರದಂಗಡಿ ಸಾಹುಕಾರರ ಗೋಡೌನಿಗೆ. ಮೊದಲ ಮಳೆ ಬಿದ್ದ ಮೇಲೆ ಹೋಗಿ ನೋಡಿದರೆ ನಮ್ಮ ನಿಘಂಟುಗಳೆಲ್ಲ ಯೂರಿಯಾ ವಾಸನೆ ಹೊಡೆಯುತ್ತಿದ್ದವು.

ಜಾಗ ಹುಡುಕಲು ನಾವು ಮೂವರೂ ತಿರುಗದ ಕಡೆ ಇಲ್ಲ. ಒಂದು ಕಲ್ಯಾಣ ಮಂಟಪದವರು ಹಿಂದಿನ ಕೋಣೆ ಕೊಟ್ಟರು. ಸಂತೋಷಪಟ್ಟು ಸಾಮಾನು ಸಾಗಿಸಿ ಒಂದು ತಿಂಗಳೂ ಆಗಿರಲಿಲ್ಲ, ಒಂದು ಮದುವೆಯವರು ನಮ್ಮ ನೂರು ವರ್ಷದ ಮರದ ತೊಟ್ಟಿಲಿಗೆ ಬಲೂನು ಕಟ್ಟಿ, ಅದರೊಳಗೆ ಐಸ್‌ಕ್ರೀಮ್ ಡಬ್ಬ ಇಟ್ಟುಕೊಂಡು ಬಡಿಸಿದರು. ನಾನು ಹೋಗಿ ಬಾಯಿಗೆ ಬಂದಂತೆ ಬೈದೆ. ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ, ಯಾರೋ ಒಬ್ಬರು ನನ್ನ ಕೈಗೂ ಒಂದು ಐಸ್‌ಕ್ರೀಮ್ ಕೊಟ್ಟರು. ತಿಂದೆ. ಮಾರನೇ ದಿನ ಎಲ್ಲವನ್ನೂ ವಾಪಸು ಮನೆಗೆ ತಂದೆ.

ಇನ್ನೊಬ್ಬರು ಬೀರೂರಿನ ಹತ್ತಿರ ಸೈಟು ಕೊಡುತ್ತೇನೆ, ಕಟ್ಟಡಕ್ಕೆ ನಮ್ಮ ತಾತನ ಹೆಸರು ಇಡಬೇಕು, ತಾತನ ಪ್ರತಿಮೆ ಇಡಬೇಕು ಎಂದರು. ಮೇಷ್ಟ್ರು ತಾತನ ಬಗ್ಗೆ ವಿಚಾರಿಸಿದರು. ತಾತ ಕಳೆದ ವರ್ಷ ಕೊಂಡ ಬುಲೆಟ್‌ನಲ್ಲಿ ಕೂತು ಅಲ್ಲಿಗೇ ಬಂದು ಇಳಿದರು. ಬದುಕಿರುವ ಮನುಷ್ಯನ ಪ್ರತಿಮೆ ಇಡಲು ನಮಗೆ ಧೈರ್ಯ ಬರಲಿಲ್ಲ.

ಈ ನಡುವೆ ಅಜ್ಜಂಪುರ ಬೇರೆ ತಾಲ್ಲೂಕು ಆಗಿತ್ತು. ಅಲ್ಲಿಯವರೆಗೆ ತರೀಕೆರೆ ತಾಲ್ಲೂಕಿನ ಒಂದು ಭಾಗ ಅದು. ತಾಲ್ಲೂಕಾಯಿತು ನೋಡಿ, ನಮ್ಮ ಸಾಹುಕಾರರ ಮಾತಿನ ವರಸೆಯೇ ಬದಲಾಯಿತು. ಈರುಳ್ಳಿ ನಮ್ಮದು, ಅಮೃತಮಹಲ್ ದನ ನಮ್ಮದು, ಈಗ ಕಚೇರಿಯೂ ನಮ್ಮದು ಎಂದು ಎದೆ ಉಬ್ಬಿಸಿ ಓಡಾಡತೊಡಗಿದರು. ಒಂದು ದಿನ ಸಭೆಯಲ್ಲಿ ಬಾಯಿಬಿಟ್ಟೇ ಕೇಳಿದರು.

"ಎಲ್ಲರಿಗೂ ಸೇರಿ ಜಾಗ ಸಿಗ್ತಿಲ್ಲ. ನಮ್ಮ ತಾಲ್ಲೂಕಿಂದು ನಮಗೆ ಕೊಟ್ಬಿಡಿ, ನಾವು ಹೆಂಗೋ ಇಟ್ಕೋತೀವಿ. ಕಡೂರು ಕಡೂರಿಂದು ಇಟ್ಕೊಳ್ಳಿ, ತರೀಕೆರೆ ತರೀಕೆರೇದು."

"ಯಾವುದು ಯಾರದ್ದು ಅಂತ ಹೆಂಗ್ ಗೊತ್ತಾಗುತ್ತೆ ಸಾಹುಕಾರ್ರೇ? ಬರೆದಿಟ್ಕೊಂಡು ತಂದಿದೀವಾ?" ಎಂದೆ.

"ಹಂಗಾದ್ರೆ ಸಮವಾಗಿ ಮೂರು ಪಾಲು ಮಾಡಿ."

ನನಗೆ ಪಿತ್ತ ನೆತ್ತಿಗೇರಿತು. ಆದರೆ ಏನು ಹೇಳಲಿ? ಜಾಗ ಇಲ್ಲ ಎನ್ನುವುದು ನಿಜ. ನನ್ನ ಮನೆಯಲ್ಲಿ ಕಾಲಿಡಲು ಎಡೆಯಿಲ್ಲ ಎನ್ನುವುದೂ ನಿಜ. ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತ, 'ಹಂಗೇ ಆಗ್ಲಿ' ಎಂದುಬಿಟ್ಟರು. ಸಂಘ ಅಲ್ಲಿಗೆ ಮುಗಿಯಿತು ಎಂದು ನನಗೆ ಗೊತ್ತಾಯಿತು. ಒಂದು ಕಡೆ ಇದ್ದರೆ ಅದು ಲೈಬ್ರರಿ, ಮೂರು ಕಡೆ ಆದರೆ ಮೂರು ಮನೆಯ ಅಟ್ಟದ ಕಸ. ಒಂದೊಂದಾಗಿ ಬೇಡಿ ತಂದ ಸಾಮಾನು ಒಂದೊಂದಾಗಿ ಗುಜರಿಗೆ ಹೋಗುವುದನ್ನು ನಾನೇ ನಿಂತು ನೋಡಬೇಕಲ್ಲ ಎಂದು ಅವತ್ತು ಊಟವೂ ಸೇರಲಿಲ್ಲ.

ಪಾಲಿನ ದಿನ ನಮ್ಮ ಮನೆಯಂಗಳದಲ್ಲಿ ಮೂರು ಟಾರ್ಪಾಲು ಹಾಸಿದೆವು. ನಮ್ಮ ಕಡೆ ಮನೆ ಪಾಲಾಗುವಾಗ ಒಂದು ಪದ್ಧತಿ ಇದೆ: ಹಿರಿಯವನು ಪಾಲು ಹಾಕಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಹಾಗೆಯೇ ಮಾಡೋಣ ಎಂದಾಯಿತು. ಕಿರಿಯ ಯಾರು ಎನ್ನುವುದಕ್ಕೆ ತಕರಾರಿಲ್ಲ, ಹೊಸ ತಾಲ್ಲೂಕು ಅಜ್ಜಂಪುರ. ಹಿರಿಯ ಯಾರು? ಕಡೂರು ಎಂದೆ ನಾನು. ಮೇಷ್ಟ್ರು ಪಾಳೆಯಗಾರರ ಕಾಲದಿಂದ ಶುರು ಮಾಡಿ ತರೀಕೆರೆ ಎಂದರು. ಬಿಸಿಲು ಏರುವವರೆಗೆ ಅದೇ ಜಗಳ. ಕೊನೆಗೆ ಇಬ್ಬರೂ ಸೇರಿಯೇ ಪಾಲು ಹಾಕಲು ಕೂತೆವು.

ಸಮಪಾಲು, ಸಮಪಾಲು ಎಂದು ನಾವು ಮಾಡಿದ ಕೆಲಸ ನೆನೆದರೆ ಈಗಲೂ ನಗು ಬರುತ್ತದೆ. ಬೀಸೋಕಲ್ಲಿನ ಮೇಲುಕಲ್ಲು ಒಂದು ಪಾಲಿಗೆ, ಕೆಳಕಲ್ಲು ಇನ್ನೊಂದಕ್ಕೆ. ಅಳಗುಳಿಮಣೆ ತರೀಕೆರೆಗೆ, ಅದರ ಕಾಯಿ ಕಡೂರಿಗೆ. ಹಳೆಯ ಮಾಸಪತ್ರಿಕೆಯೊಂದರ ಬೈಂಡು ಹಾಕಿದ ಸಂಪುಟಗಳಿದ್ದವು; ಅವನ್ನು ಹಂಚಿದ್ದರಿಂದ ಒಂದು ಧಾರಾವಾಹಿ ಕಡೂರಿನಲ್ಲಿ ಶುರುವಾಗಿ, ತರೀಕೆರೆಯಲ್ಲಿ ಹುಡುಗಿ ಓಡಿಹೋಗಿ, ಅಜ್ಜಂಪುರದಲ್ಲಿ ಮದುವೆಯಾಗಬೇಕಿತ್ತು. ನಮ್ಮ ಯಜಮಾನರು ಜಗುಲಿಯ ಮೇಲೆ ಕೂತು ಕಾಫಿ ಕುಡಿಯುತ್ತ ನೋಡುತ್ತಿದ್ದರು.

"ಲೇ, ಇವತ್ತು ಸಂತೆ ಕಣೇ" ಎಂದರು ಇದ್ದಕ್ಕಿದ್ದಂತೆ.

"ಸಂತೆಯಾದ್ರೆ ಏನೀಗ?"

"ನಿಮ್ಮ ಗಂಟೆಯಮ್ಮ ಬರ್ತಾರೆ."

ಕೈಯಲ್ಲಿದ್ದ ಕೊಳಗ ಕೆಳಗಿಟ್ಟು ಗೇಟಿನ ಕಡೆ ನೋಡಿದೆ.

ಗಂಟೆಯಮ್ಮ ಎನ್ನುವುದು ನಾನಿಟ್ಟ ಹೆಸರು. ಬೀರೂರು ದಾಟಿ ಅಜ್ಜಂಪುರದ ದಾರಿಯಲ್ಲಿರುವ ಒಂದು ಊರಿನ ರೈತರ ಮನೆಯ ಹಿರಿಸೊಸೆ. ಊರಿನ ಹೆಸರು ಬೇಡ, ಹೇಳಿದರೆ ಅವರ ಮನೆಯವರೆಲ್ಲ ನನ್ನ ಮೇಲೆ ಬೀಳುತ್ತಾರೆ. ಒಣಭೂಮಿ ಇದೆ, ತೆಂಗಿನ ತೋಟ ಇದೆ, ಬಾಯಿಯೂ ಇದೆ. ಎತ್ತಿನ ಕೊರಳಿಗೆ ಕಟ್ಟುವ ಗಂಟೆ ಸರ, ಜೊತೆ ಎತ್ತಿಗೆ ಎರಡು, ಆಕೆ ಸಂಘಕ್ಕೆ ಕೊಟ್ಟಿದ್ದಳು. ಕೊಟ್ಟವಳು ಸುಮ್ಮನಿರಬೇಕಲ್ಲ! ಪ್ರತಿ ಸಂತೆಗೂ ಬರುತ್ತಿದ್ದಳು. ಚೀಲ ಕೆಳಗಿಟ್ಟು, 'ಎಲ್ಲಿ, ತೆಗೀರಿ' ಎನ್ನುತ್ತಿದ್ದಳು. ನಾನು ಅದರ ಮೇಲೆ ಹೇರಿದ್ದೆಲ್ಲ ಇಳಿಸಿ, ಪೆಟ್ಟಿಗೆ ಬಿಚ್ಚಿ, ಸರ ಎತ್ತಿ ಕೊಡಬೇಕು. ಒಂದು ಸಲ ಅಲ್ಲಾಡಿಸಿ ಕಿವಿಗೊಟ್ಟು ಕೇಳುತ್ತಿದ್ದಳು. 'ಪೆಟ್ಟಿಗೇಲಿ ಕೂಡಿಹಾಕಾಕೆ ಕೊಟ್ಟಿದ್ದಾ ನಾನು?' ಎಂದು ನನ್ನನ್ನು ಗದರಿಸಿ, ಎರಡು ತೆಂಗಿನಕಾಯಿ ಇಟ್ಟು ಹೋಗುತ್ತಿದ್ದಳು. ಕಾಯಿ ಒಳ್ಳೆಯದಿರುತ್ತಿತ್ತು, ಆದ್ದರಿಂದ ನಾನೂ ಬಾಯಿ ಮುಚ್ಚಿಕೊಂಡು ಪೆಟ್ಟಿಗೆ ತೆಗೆಯುತ್ತಿದ್ದೆ.

ಅವತ್ತೂ ಬಂದಳು. ಗೇಟಿನಲ್ಲೇ ನಿಂತು ಮೂರು ಟಾರ್ಪಾಲು ನೋಡಿದಳು.

"ಏನವ್ವ ಇದು? ಯಾರ್ ಮನೆ ಪಾಲಾಗ್ತಾ ಐತೆ?"

"ಸಂಘದ್ದು ಕಣಮ್ಮ" ಎಂದೆ.

ಆಕೆಯ ಕಣ್ಣು ಹುಡುಕಿತು. ಒಂದು ಗಂಟೆ ಸರ ತರೀಕೆರೆಯ ಟಾರ್ಪಾಲಿನ ಮೇಲಿತ್ತು, ಇನ್ನೊಂದು ಅಜ್ಜಂಪುರದ ಟಾರ್ಪಾಲಿನ ಮೇಲೆ. ಕಡೂರಿನ ಪಾಲಿಗೆ, ಸಮ ಆಗಲಿ ಎಂದು, ಖಾಲಿ ಪೆಟ್ಟಿಗೆ ಹಾಕಿದ್ದೆವು. ಆಕೆ ಚೀಲ ಅಲ್ಲೇ ಬಿಸಾಕಿ ಅಂಗಳದ ನಟ್ಟನಡುವೆ ಕೂತುಬಿಟ್ಟಳು.

"ಎತ್ರಿ ನೋಡಾನ, ಯಾರ್ ಎತ್ತೀರೋ!"

"ಅಮ್ಮಾ, ಸ್ವಲ್ಪ ಸಮಾಧಾನ..." ಎಂದರು ಮೇಷ್ಟ್ರು.

"ಎಂಥ ಸಮಾಧಾನ ಮೇಷ್ಟ್ರೇ? ನಮ್ಮನೇಲಿ ಅಣ್ಣತಮ್ಮಂದ್ರು ಮೂರ್ ಜನ. ಹೊಲ ಪಾಲಾಯ್ತು, ತೋಟ ಪಾಲಾಯ್ತು, ನಮ್ಮತ್ತೆ ಹಂಡೆ ತಪ್ಪಲೆನೂ ಪಾಲಾಯ್ತು. ಈ ಸರ ಇರಾವು ಎಲ್ಡು. ಮೂರ್ ಜನಕ್ಕೆ ಹೆಂಗ್ ಹಂಚ್ತಾರೆ? ಬಿಚ್ಚಿ ಗಂಟೆ ಎಣಿಸಾಕೆ ಕೂತ್ಕಂಡ್ರು ಕಣವ್ವ! ಸರ ಕೊಯ್ಯಾಕೆ ಕುಡ್ಲು ತಂದ್ರು. ನಾನು ಕಿತ್ಕಂಡು ಬಸ್ ಹತ್ತಿ ಬಂದು ನಿಮ್ ಕೈಗೆ ಕೊಟ್ಟೆ. ಯಾಕೆ? ಓದಿರೋ ಜನ, ಒಂದ್ಕಡೆ ಇಟ್ಟಿರ್ತಾರೆ ಅಂತ. ನೀವೂ ಅದೇ ಕೆಲ್ಸಕ್ಕೆ ಕೂತಿದೀರಲ್ಲಾ, ಥೂ!"

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾನು ಮದ್ವೆಯಾಗಿ ಬಂದಾಗ ನಮ್ ಮಾವ ಈ ಗಂಟೆ ಕಟ್ಟಿದ್ ಗಾಡಿ ಹೊಡ್ಕಂಡು ಬರಾರು. ಕೆರೆ ಏರಿ ಮ್ಯಾಲೆ ಗಂಟೆ ಕೇಳ್ತು ಅಂದ್ರೆ ನಮ್ಮತ್ತೆ ಮುದ್ದೆಗೆ ಎಸರು ಇಡಾರು. ಮನೇರೆಲ್ಲ ಒಟ್ಗೆ ಕೂತು ಉಣ್ಣಾರು. ಒಂದ್ ಮನೆ ಒಡ್ದಿದ್ದು ಕಣ್ಣಾರೆ ನೋಡಿದೀನಿ ಪೋಸ್ಟಮ್ಮ. ಇನ್ನೊಂದ್ ನೋಡಾಕೆ ನನ್ ಕೈಲಿ ಆಗಕಿಲ್ಲ."

ಸಾಹುಕಾರರಿಗೆ ನಾಚಿಕೆಯಾಗಿತ್ತು. ನಾಚಿಕೆಯಾದರೆ ಅವರಿಗೆ ಸಿಟ್ಟು ಬರುತ್ತದೆ.

"ಅಲ್ಲಮ್ಮ, ಒಂದ್ಕಡೆ ಇಡೋಕೆ ನಮಗೇನು ಬೇಡ್ವಾ? ಜಾಗ ಎಲ್ಲಿದೆ? ನೀನ್ ಕೊಡ್ತೀಯಾ?"

"ಕೊಡ್ತೀನಿ!"

ಹೇಳಿದವಳೇ ಆಕೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಯಾಕೆ ಎನ್ನುವುದು ನಮಗೆ ಮಾರನೇ ದಿನ ತಿಳಿಯಿತು.

ಮಾರನೇ ದಿನ ನಾವು ಮೂವರೂ ಹೋದೆವು. ಊರಿನ ಅಂಚಿಗೆ, ಬಸ್ ನಿಲ್ಲುವಲ್ಲಿಂದ ಕೂಗಳತೆಯಲ್ಲಿ, ಒಂದು ಕೊಬ್ಬರಿ ಮನೆ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟು ಕೊಬ್ಬರಿ ಮಾಡಲೆಂದು ಅವರ ಮಾವ ಕಟ್ಟಿಸಿದ್ದು. ಎತ್ತರದ ಗೋಡೆ, ಹೆಂಚಿನ ಮಾಡು, ಗಾಳಿಯಾಡುವ ಗಳುಗಳ ಅಟ್ಟ, ಒಂದು ಹನಿ ತೇವವಿಲ್ಲ. ಕಿಟಕಿಯಿಂದ ಇಣುಕಿದ ಮೇಷ್ಟ್ರು ಅಳುವುದೊಂದು ಬಾಕಿ. ಸಾಹುಕಾರರಂತೂ ಆಗಲೇ ಬೀರುಗಳನ್ನು ಎಲ್ಲಿಡುವುದೆಂದು ಹೊರಗಿನಿಂದಲೇ ಹೆಜ್ಜೆ ಹಾಕಿ ಅಳೆಯುತ್ತಿದ್ದರು. ನಾನು ಬಾಗಿಲು ನೋಡುತ್ತಿದ್ದೆ. ಬಾಗಿಲಿಗೆ ಒಂದು ದಪ್ಪ ಸರಪಳಿ. ಸರಪಳಿಗೆ ಮೂರು ಬೀಗ.

"ಇದೇನಮ್ಮ?"

"ಇದೊಂದು ಪಾಲಾಗ್ಲಿಲ್ಲ" ಎಂದಳು ಗಂಟೆಯಮ್ಮ. "ಮೂರ್ ಜನಕ್ಕೂ ಬೇಕಿತ್ತು. ಗೋಡೆ ಎಬ್ಬಿಸಿದ್ರೆ ಅಟ್ಟ ಬೀಳ್ತೈತೆ. ಅವನಿಗೆ ಬಿಡಾಕೆ ಇವನು ಒಪ್ಪಲ್ಲ, ಇವನಿಗೆ ಬಿಡಾಕೆ ಅವನು ಒಪ್ಪಲ್ಲ. ಒಬ್ಬೊಬ್ರು ಒಂದೊಂದ್ ಬೀಗ ಜಡ್ದು ಹೋದ್ರು. ಖಾತೆ ಮೂರ್ ಜನದ್ ಹೆಸ್ರಿಗೂ ಜಂಟಿ. ಅವತ್ತಿಂದ ಒಬ್ರ ಮುಖ ಒಬ್ರು ನೋಡ್ದಂಗೆ ಓಡಾಡ್ತಾವ್ರೆ. ಈಗ ಎಳನೀರೇ ಮಾರ್ತಾರೆ, ಕೊಬ್ರಿ ಮಾಡೋರೂ ಇಲ್ಲ. ಆದ್ರೂ ಬೀಗ ಬಿಚ್ಚಲ್ಲ."

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮನೆಗೆ ಬಂದು ಟಾರ್ಪಾಲಿನ ಮೇಲಿದ್ದ ಸಾಮಾನು ಮತ್ತೆ ಒಳಗೆ ಹೊತ್ತೆ. ನಮ್ಮ ಯಜಮಾನರು ವೀರಗಲ್ಲನ್ನು ದಿವಾನದ ಕೆಳಕ್ಕೆ ತಳ್ಳುತ್ತ, 'ಬಾಪ್ಪ, ನಿನಗೂ ನನಗೂ ಋಣ ತೀರ್ಲಿಲ್ಲ' ಎಂದರು. ಅವತ್ತು ಮಾತ್ರ ನನಗೆ ನಗು ಬಂತು.

ಆದರೆ ಗಂಟೆಯಮ್ಮನನ್ನು ನಾನು ಸರಿಯಾಗಿ ಅಳೆದಿರಲಿಲ್ಲ. ಮುಂದಿನ ಸಂತೆಗೆ ಬಂದವಳು ಗಂಟೆ ಕೇಳಲಿಲ್ಲ. ಜಗುಲಿಯ ಮೇಲೆ ಕಾಲು ಚಾಚಿ ಕೂತು, ಕಾಫಿ ಬೇಕು ಎಂದಳು. ಕಾಫಿ ಕುಡಿದು ತಾನು ಮಾಡಿದ ಕೆಲಸ ಹೇಳಿದಳು.

ಮೊದಲು ಕಿರಿ ಮೈದುನನ ಮನೆಗೆ ಹೋದಳಂತೆ. 'ಏನಪ್ಪಾ, ಕೊಬ್ರಿ ಮನೇನ ಯಾವ್ದೋ ಸಂಘದೋರು ಪುಸ್ತಕ ಇಡಾಕೆ ಕೇಳ್ತಾವ್ರೆ. ನಿಮ್ಮಣ್ಣಯ್ಯ ಸುತರಾಂ ಕೊಡಾಕಿಲ್ಲ ಅಂತಾವ್ರೆ' ಎಂದಳಂತೆ. ಮೈದುನನಿಗೆ ರೋಷ ಉಕ್ಕಿತು. 'ಕೊಡಾಕಿಲ್ಲ ಅನ್ನಾಕೆ ಅವನೊಬ್ಬಂದಾ? ನನ್ನ ಪಾಲು ನಾನ್ ಕೊಡ್ತೀನಿ, ಏನ್ ಮಾಡ್ಕಂತಾನೋ ಮಾಡ್ಕಳ್ಲಿ' ಎಂದ. ಅಲ್ಲಿಂದ ನಡು ಮೈದುನನ ಮನೆ. 'ಕಿರಿಯವನು ಕೊಟ್ಟಾಯ್ತು ಕಣಪ್ಪ, ಊರೆಲ್ಲ ಅವನ್ನೇ ಹೊಗಳ್ತಾ ಐತೆ' ಎಂದಳು. ಅವನೂ ಕೊಟ್ಟ. ಆಮೇಲೆ ಮನೆಗೆ ಬಂದು ಗಂಡನಿಗೆ ಮುದ್ದೆ ಬಡಿಸುತ್ತ, 'ತಮ್ಮಂದ್ರು ಇಬ್ರೂ ದಾನ ಮಾಡಿದ್ರು. ದೊಡ್ಡೋರು ಅನ್ನಿಸ್ಕಂಡೋರು ನೀವೊಬ್ರು ಕೂತಿದೀರಾ' ಎಂದಳು.

"ಉಣ್ಣಾದ್ ಬಿಟ್ಟು ಎದ್ರು ಪೋಸ್ಟಮ್ಮ! ಕೈ ತೊಳ್ದು ಬಂದು, ಎಲ್ಲಿ ರುಜು ಹಾಕ್ಬೇಕು ಅಂದ್ರು."

ನಾನು ನಕ್ಕು ನಕ್ಕು ಕಾಫಿ ಲೋಟ ಕೆಡವಿದೆ. ಆಕೆ ನಗಲಿಲ್ಲ.

"ಒಳ್ಳೇದಕ್ಕಲ್ಲ ಕಣವ್ವ ಒಪ್ಪಿದ್ದು, ಜಿದ್ದಿಗೆ" ಎಂದಳು. "ನನ್ ಕೈಗೆ ಸಿಕ್ಕಿದ್ದು ಅದೊಂದೇ. ಅದರಲ್ಲೇ ಕೆಲ್ಸ ತಗಂಡೆ."

ದಾನಪತ್ರ ನೋಂದಣಿಯ ದಿನ ಕಚೇರಿಯಲ್ಲಿ ಅಣ್ಣತಮ್ಮಂದಿರು ಮೂವರೂ ಬಂದರು. ಒಬ್ಬರು ಕಿಟಕಿ ಕಡೆ, ಒಬ್ಬರು ಬಾಗಿಲ ಕಡೆ, ಒಬ್ಬರು ಫ್ಯಾನಿನ ಕಡೆ ಮುಖ ಮಾಡಿ ಕೂತರು. ಹೆಬ್ಬೆಟ್ಟು ಒತ್ತಿ, ಫೋಟೋ ಹೊಡೆಸಿಕೊಂಡು, ಸಂಘಕ್ಕೆ ಶಾಶ್ವತವಾಗಿ ಎಂದು ಬರೆದದ್ದಕ್ಕೆ ರುಜು ಹಾಕಿ, ಒಂದು ಮಾತಿಲ್ಲದೆ ಮೂರು ಬೈಕಿನಲ್ಲಿ ಹೊರಟುಹೋದರು. ಅವರ ಮೂಗು ಒಂದೇ ಅಚ್ಚು. ಸಿಟ್ಟಿನಲ್ಲಿ ಹೊಳ್ಳೆ ಅರಳುವುದೂ ಒಂದೇ ಥರ.

ಇನ್ನು ನಮ್ಮವರ ತಕರಾರು. ಅದು ಕಡೂರು ತಾಲ್ಲೂಕು ಎಂದರು ತರೀಕೆರೆಯವರು. ಅಜ್ಜಂಪುರದ ದಾರಿ ಎಂದರು ಕಡೂರಿನವರು. ಹಾಗಾದರೆ ನಮಗೆ ಹತ್ತಿರವೇ ಎಂದು ಸಾಹುಕಾರರು ಹೋಗಿ ನೋಡಿದರೆ ಅವರಿಗೂ ಬಸ್ಸಿನಲ್ಲಿ ಒಂದು ನಿದ್ದೆಯ ದೂರ. ಕೊನೆಗೆ ಮೇಷ್ಟ್ರೇ ತೀರ್ಪು ಕೊಟ್ಟರು: "ಮೂರೂ ಊರಿನವರೂ ಬಸ್ ಹತ್ತಬೇಕು ತಾನೆ? ಹಂಗಾದ್ರೆ ಸರಿ." ಯಾರಿಗೂ ಅನುಕೂಲವಿಲ್ಲ ಎಂದು ಗೊತ್ತಾದ ಕೂಡಲೇ ಎಲ್ಲರೂ ಒಪ್ಪಿದರು. ನಾವೇನು ಆ ಅಣ್ಣತಮ್ಮಂದಿರಿಗಿಂತ ಕಡಿಮೆಯೇ!

ಬಾಗಿಲು ತೆಗೆಯುವ ದಿನ ಮೂವರೂ ಕೀ ಹಿಡಿದು ಬಂದರು. ಹಿರಿಯರ ಬೀಗ ತೆಗೆಯಿತು. ಕಿರಿಯವರದೂ ತೆಗೆಯಿತು. ನಡುವಿನವರದು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಒಡೆಯೋಣ ಎಂದು ಸಾಹುಕಾರರು ಕಲ್ಲು ಎತ್ತಿದರೆ, 'ನನ್ ಬೀಗ ಯಾರೂ ಮುಟ್ಬೇಡಿ' ಎಂದು ಅವರು ಮೈಮೇಲೆ ಬಂದರು. ಗಂಟೆಯಮ್ಮ ಒಳ್ಳೆಣ್ಣೆ ತಂದು ಬೀಗಕ್ಕೆ ತಲೆಗೆ ಹಚ್ಚಿದಂತೆ ಹಚ್ಚಿದಳು. ಎಲ್ಲರೂ ಅಲ್ಲೇ ನೆಲದ ಮೇಲೆ ಕೂತು, ಅದು ಇಳಿಯುವವರೆಗೆ ಮಂಡಕ್ಕಿ ತಿಂದೆವು. ಕೊನೆಗೆ ಕಟಕ್ ಎಂದಿತು. ಬಾಗಿಲು ದೂಡಿದರೆ ಒಳಗಿಂದ ಹಳೇ ಕೊಬ್ಬರಿಯ ವಾಸನೆ ಬಂತು. ಅಣ್ಣತಮ್ಮಂದಿರು ಮೂವರೂ ಒಂದೇ ಸಲ ಉಸಿರು ಎಳೆದುಕೊಂಡದ್ದನ್ನು ನಾನು ನೋಡಿದೆ. ಎಳೆದುಕೊಂಡು, ಬೈಕ್ ಹತ್ತಿ ಹೋದರು.

ಟ್ರಾಕ್ಟರಿನಲ್ಲಿ ಸಾಮಾನು ಬಂತು. ಬೀಸೋಕಲ್ಲಿನ ಮೇಲುಕಲ್ಲು ಕೆಳಕಲ್ಲಿನ ಮೇಲೆ ಕೂತಿತು. ಧಾರಾವಾಹಿಯ ಹುಡುಗಿ ಒಂದೇ ಬೀರುವಿನಲ್ಲಿ ಓಡಿಹೋಗಿ ಮದುವೆಯೂ ಆದಳು. ವೀರಗಲ್ಲನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿದೆವು. ನಮ್ಮ ಯಜಮಾನರು ಬೀಳ್ಕೊಡಲು ಬಂದವರ ಹಾಗೆ ಅದರ ಮುಂದೆ ಸ್ವಲ್ಪ ಹೊತ್ತು ನಿಂತರು. ನಿಘಂಟುಗಳ ಯೂರಿಯಾ ವಾಸನೆ ಹೋಗಿ ಕೊಬ್ಬರಿ ವಾಸನೆ ಹಿಡಿಯಿತು. ಪುಸ್ತಕ ತೆಗೆದರೆ ಹಸಿವಾಗುತ್ತದೆ ಎಂದು ಮೇಷ್ಟ್ರ ದೂರು. ಇಲಿಗೆಂದು ಒಂದು ಬೆಕ್ಕು ಸಾಕಿದೆವು. ಅದು ತಾಳೆಗರಿ ಇಟ್ಟ ಪೆಟ್ಟಿಗೆ ಬಿಟ್ಟು ಬೇರೆಲ್ಲೂ ಮಲಗುವುದಿಲ್ಲ. ಆ ಮೂರು ಬೀಗಗಳನ್ನೂ ಗೂಡಿನಲ್ಲಿ ಸಾಮಾನುಗಳ ಜೊತೆಗೇ ಇಟ್ಟೆ. ಗಂಟೆ ಸರಗಳನ್ನು ಗಂಟೆಯಮ್ಮ ತಾನೇ ಏಣಿ ಹತ್ತಿ ಬಾಗಿಲ ಮೇಲಿನ ತೊಲೆಗೆ ಕಟ್ಟಿದಳು. ಯಾರೇ ಬಾಗಿಲು ದೂಡಿದರೂ ಸರ ಅಲ್ಲಾಡುತ್ತದೆ. ಕೆರೆ ಏರಿಯವರೆಗೆ ಕೇಳಿಸುತ್ತದಂತೆ, ಆಕೆಯೇ ಹೋಗಿ ನಿಂತು ಕೇಳಿ ಬಂದಳು.

ಭಾನುವಾರ ನಮ್ಮ ಲೈಬ್ರರಿ ತೆರೆದಿರುತ್ತದೆ. ಮೊದಮೊದಲು ಯಾರೂ ಬರಲಿಲ್ಲ. ಆಮೇಲೆ ಒಂದು ಭಾನುವಾರ ಗಂಟೆ ಸದ್ದಾಯಿತು, ನೋಡಿದರೆ ಕಿರಿಯ ತಮ್ಮ. ಬೆಳೆಗೆ ಹುಳ ಬಿದ್ದಿದೆ, ಪುಸ್ತಕ ಇದೆಯಾ ಎಂದರು. ಅದರ ಮುಂದಿನ ವಾರ ನಡುವಿನವರು, ಸುಮ್ಮನೆ ಹೀಗೇ ಎಂದರು. ಹಿರಿಯರು ಬಂದಾಗ, 'ಹೆಂಚು ಸೋರ್ತದಾ ನೋಡಾಕೆ ಬಂದೆ' ಎಂದರು. ಮಳೆಗಾಲ ಇನ್ನೂ ದೂರವಿತ್ತು. ಹೀಗೆ ಒಬ್ಬರು ಹೋದ ಮೇಲೆ ಒಬ್ಬರು ಬರುತ್ತಿದ್ದರು. ಒಂದು ಭಾನುವಾರ ಮಾತ್ರ ಲೆಕ್ಕ ತಪ್ಪಿತು, ಮೂವರೂ ಒಟ್ಟಿಗೆ ಬಂದುಬಿಟ್ಟರು.

ಎದ್ದು ಹೋದರೆ ಸೋತಂತೆ, ಆದ್ದರಿಂದ ಮೂವರೂ ಕೂತರು. ನಮ್ಮ ಸಂಘಕ್ಕೆ ಇರುವುದು ಒಂದೇ ಮೇಜು, ತರಿಸುವುದು ಒಂದೇ ಪೇಪರು. ಹಿರಿಯರು ಪೇಪರ್ ತೆಗೆದುಕೊಂಡು ಮೊದಲ ಹಾಳೆ ಇಟ್ಟುಕೊಂಡು ಮಿಕ್ಕದ್ದು ಮೇಜಿನ ಮೇಲೆ ಬಿಟ್ಟರು. ನಡುವಿನವರು ಒಂದು ಹಾಳೆ ಎಳೆದುಕೊಂಡರು, ಕಿರಿಯವರು ಕೊನೆಯದು. ನಾನೂ ಗಂಟೆಯಮ್ಮನೂ ಬೀರು ಒರೆಸುತ್ತಿದ್ದೆವು. ಪೇಪರನ್ನೂ ಪಾಲು ಮಾಡಿಕೊಂಡರಲ್ಲಪ್ಪ ಎಂದು ನನಗೆ ನಗು ತಡೆಯಲಾಗದೆ ಬಟ್ಟೆ ಬಾಯಿಗೆ ಹಿಡಿದೆ.

ಹಿರಿಯರು ಹಾಳೆಯನ್ನು ಕಣ್ಣಿಂದ ದೂರ ಹಿಡಿದು ಓದುತ್ತ ಓದುತ್ತ ತಳಕ್ಕೆ ಬಂದರು. ತೆಂಗಿನ ಧಾರಣೆಯ ಸುದ್ದಿ ಅದು, ಮಿಕ್ಕಿದ್ದು ಆರನೇ ಪುಟದಲ್ಲಿ ಎಂದು ಬರೆದಿತ್ತು. ಹಾಳೆ ತಿರುಗಿಸಿದರು. ಮತ್ತೆ ತಿರುಗಿಸಿದರು. ಆರನೇ ಪುಟ ಕಿರಿಯವರ ಕೈಯಲ್ಲಿತ್ತು. ಸೂರು ನೋಡಿದರು, ಬೆಕ್ಕು ನೋಡಿದರು, ಕೆಮ್ಮಿದರು. ಗಂಟೆಯಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಲೇ" ಎಂದರು ಹಿರಿಯರು, ಮುಖ ಎತ್ತದೆ. "ಆ ಆರನೇ ಪುಟ ಕೊಡೋ ಇಲ್ಲಿ."

ಕಿರಿಯವರು ಕೊಡಲಿಲ್ಲ. ಹಾಳೆ ಬೆಳಕಿಗೆ ಹಿಡಿದು, ಗಂಟಲು ಸರಿಮಾಡಿಕೊಂಡು, "ಕನ್ನಡಕ ತಂದಿಲ್ವಲ್ಲಣ್ಣ ನೀನು, ಕೂತ್ಕ, ಓದ್ತೀನಿ" ಎಂದರು. ಓದತೊಡಗಿದರು. ನಡುವಿನವರು ಕುರ್ಚಿ ಹತ್ತಿರ ಎಳೆದುಕೊಂಡರು.

ಗಂಟೆಯಮ್ಮ ಬಾಗಿಲಾಚೆ ಹೋಗಿ ನಿಂತು ಅತ್ತಳು. ನಾನೂ ಅತ್ತೆ, ಅದರಲ್ಲೇನು ನಾಚಿಕೆ. ಸ್ವಲ್ಪ ಹೊತ್ತಿನ ಮೇಲೆ ಆಕೆ ಮೂಗು ಒರೆಸಿಕೊಂಡು, ಸೆರಗು ಸಿಕ್ಕಿಸಿಕೊಂಡು ಮನೆ ಕಡೆ ಹೊರಟಳು.

"ಎಲ್ಲಿಗಮ್ಮ?" ಎಂದೆ.

"ಎಸರು ಇಡ್ಬೇಕು ಕಣವ್ವ" ಎಂದಳು. "ಮೂರ್ ಜನಕ್ಕೆ."